ಅಳುಬುರುಕಿಯ ಎಡಗಿವಿ

೧

ಈ ಕಥೆಯನ್ನು ಎಲ್ಲಿಂದ ಶುರುಮಾಡಬೇಕು ಎಂಬ ವಿಚಾರದಲ್ಲಿ ನನಗೂ ಅಮ್ಮನಿಗೂ ಮಾತಿಗೆ ಮಾತು ಬೆಳೆದು, ಅವಳು ನಿನ್ನೆಯಿಂದ ನನ್ನ ಜೊತೆ ಸರಿಯಾಗಿ ಮಾತಾಡುತ್ತಿಲ್ಲ. ಹಾಗಾಗಿ ಸದ್ಯಕ್ಕೆ ನನ್ನಿಷ್ಟದಂತೆಯೇ ಶುರುಮಾಡುತ್ತೇನೆ. ನೀವು ಸಾಕ್ಷಿ.

"ಚೌಕದ ನಟ್ಟನಡುವೆ ಕಂಚಿನ ಕುದುರೆಯ ಮೇಲೆ ಕೂತ ದೊರೆ, ತಾನು ಆಳಿದ ಊರಿಗೆ ಬೆನ್ನು ಹಾಕಿ ಸಮುದ್ರದ ಕಡೆ ನೋಡುತ್ತಿದ್ದ."

ಹೇಗಿದೆ? ನನಗಂತೂ ಬಹಳ ಹಿಡಿಸಿತ್ತು. ಇತಿಹಾಸ ಇದೆ, ವ್ಯಂಗ್ಯ ಇದೆ, ಸಮುದ್ರವೂ ಇದೆ. ವಿಮರ್ಶಕರಿಗೆ ಇನ್ನೇನು ಬೇಕು ಹೇಳಿ. ಅಮ್ಮ ಬಟ್ಟೆ ಮಡಚುತ್ತಿದ್ದಳು, ಓದಿ ಹೇಳಿದೆ.

"ಆ ಕುದುರೆಯವನನ್ನ ಯಾಕೆ ಮಧ್ಯದಲ್ಲಿ ತಂದೆ?" ಎಂದಳು.

"ಅವನು ಮಧ್ಯದಲ್ಲೇ ಇದ್ದ ಅಲ್ವಾ ಅಮ್ಮ, ಚೌಕದ ಮಧ್ಯದಲ್ಲಿ."

"ಇದ್ದ. ಆಮೇಲೆ ಎತ್ತಿ ಚರ್ಚಿನ ಹಿತ್ತಲಿಗೆ ಹಾಕಿದ್ರು. ಈಗ ನೀನು ಕಥೆಯಿಂದಾನೂ ಎತ್ತಿ ಹಾಕು."

ಹಾಕಿದೆ. (ಆದರೂ ಒಂದು ಮಾತು ಹೇಳದೆ ಮನಸ್ಸು ತಡೆಯುವುದಿಲ್ಲ. ಆಳುವವರು ಹಡಗು ಹತ್ತಿ ಹೋದ ಮೇಲೆ ಕ್ರೇನು ತರಿಸಿ ದೊರೆಯನ್ನು ಹಿತ್ತಲಿಗೆ ಸಾಗಿಸಿದ್ದರು. ಚರ್ಚಿನ ಗಂಟೆ ಹೊಡೆಯುತ್ತಿದ್ದ ಮುದುಕ, ನಮ್ಮೆಲ್ಲರ ಗಂಟೆ ಮಾಮ, ಕುದುರೆಯ ಎತ್ತಿದ ಕಾಲಿಗೂ ತನ್ನ ಕೋಣೆಯ ಕಿಟಕಿಗೂ ಹಗ್ಗ ಕಟ್ಟಿ ಬಟ್ಟೆ ಒಣಗಹಾಕುತ್ತಿದ್ದ. ಗಾಳಿ ಬಂದಾಗ ದೊರೆಯ ಮುಖದ ಮೇಲೆ ಬನಿಯನ್ ಹಾರುತ್ತಿತ್ತು. ನನ್ನ ಬಾಲ್ಯದಲ್ಲಿ ಸಾಮ್ರಾಜ್ಯ ಎಂದರೆ ಇಷ್ಟೇ.)

೨

ಚರ್ಚಿನ ಒಳಗಿನಿಂದ ಶುರುಮಾಡೋಣ.

ಮಟಮಟ ಮಧ್ಯಾಹ್ನದಲ್ಲೂ ಅಲ್ಲಿ ಅರೆಗತ್ತಲು. ಬಾಗಿಲು ದೂಡಿದರೆ ಮೊದಲು ಮೂಗಿಗೆ ಬರುವುದು ಹಳೇ ಮೇಣದ ವಾಸನೆ. ಎರಡೂ ಗೋಡೆಗಳ ತುಂಬ ಅಮೃತಶಿಲೆಯ ಫಲಕಗಳು. ಇಂಥವನು ಹರೆಯದಲ್ಲೇ ಜ್ವರ ಬಂದು ಸತ್ತ. ಇಂಥವನ ಹೆಂಡತಿ ಹಡಗಿನಿಂದ ಇಳಿದ ವರ್ಷವೇ ಸತ್ತಳು. ಇಂಥವರ ಮಗು, ಹೆಸರಿಡುವ ಮೊದಲೇ. ಊರು ಆಳಲು ಬಂದವರು ಸೊಳ್ಳೆಗೆ ಸೋತ ಸಮಾಚಾರವೆಲ್ಲ ಆ ಗೋಡೆಗಳ ಮೇಲೆ ಚಿನ್ನದ ಬಣ್ಣದಲ್ಲಿತ್ತು. ಓಣಿಯ ಮಕ್ಕಳು ಅವರ ಭಾಷೆಯ ಅಕ್ಷರ ಕಲಿತದ್ದು ಆ ಫಲಕಗಳ ಮೇಲೆ ಬೆರಳಾಡಿಸಿ. ಹಾಗಾಗಿ ನಮ್ಮ ಹಳಬರು ಏನು ಬರೆದರೂ ಎಲ್ಲ ದೊಡ್ಡಕ್ಷರ. ಅಮ್ಮ ಈಗಲೂ ಬ್ಯಾಂಕಿನಲ್ಲಿ ಸಹಿ ಹಾಕಿದರೆ ಗೋರಿಯ ಮೇಲೆ ಕೆತ್ತಿದ ಹಾಗಿರುತ್ತದೆ.

ಬಲಗಡೆಯ ಕೊನೆಯಲ್ಲಿ, ಕಿಟಕಿಯ ಪಕ್ಕ, ಅವಳು. ಬಂದರಿನ ಯಾವನೋ ದೊಡ್ಡ ಅಧಿಕಾರಿ ಸತ್ತಾಗ ಅವನ ಮನೆಯವರು ಕಡಲಾಚೆ ಮಾಡಿಸಿ ಕಳಿಸಿದ ಸ್ಮಾರಕ. ಆಳೆತ್ತರದ ಹೆಂಗಸು ದೊಡ್ಡದೊಂದು ಹೂಜಿಯ ಮೇಲೆ ಮೊಣಕೈ ಊರಿ, ತಲೆ ತಗ್ಗಿಸಿ ಅಳುತ್ತಾಳೆ. ತಲೆಯ ಮೇಲಿನ ಮುಸುಕು ಬಲಗಿವಿಯನ್ನು ಮುಚ್ಚಿದೆ, ಎಡಗಿವಿ ಹೊರಗಿದೆ. ಅವಳು ಸತ್ತವನ ಹೆಂಡತಿಯೂ ಅಲ್ಲ, ಮಗಳೂ ಅಲ್ಲ. ಸ್ಮಾರಕ ಮಾಡುವವರ ಅಂಗಡಿಗಳಲ್ಲಿ ಸಿಗುತ್ತಿದ್ದ ರೆಡಿಮೇಡ್ ದುಃಖ. ಓಣಿಯವರು ಅವಳನ್ನು ಅಳುಬುರುಕಿ ಎನ್ನುತ್ತಿದ್ದರು. ನಮ್ಮ ಮನೆಯಲ್ಲಿ ಮಾತ್ರ ಆ ಹೆಸರು ಎತ್ತುವ ಹಾಗಿರಲಿಲ್ಲ, ಯಾಕೆಂದರೆ ಅವಳು ನಮ್ಮ ಅಜ್ಜಿ.

(ನೋಡಿದಿರಾ, ಎಷ್ಟು ಜಾಣತನದಿಂದ ಆ ಮಾತನ್ನು ಕೊನೆಗೆ ಇಟ್ಟೆ. ಅಮ್ಮನಾಗಿದ್ದರೆ ಮೊದಲೇ ಹೇಳಿಬಿಡುತ್ತಿದ್ದಳು. ಅದಕ್ಕೇ ಅವಳು ಕಥೆಗಾರ್ತಿಯಾಗಲಿಲ್ಲ, ನಾನಾದೆ. ಅವಳ ಪ್ರಕಾರ ನಾನೂ ಆಗಿಲ್ಲ.)

೩

ನಮ್ಮ ಮನೆಯಲ್ಲಿ ಹೇಳಿಕೊಂಡು ಬಂದ ಕಥೆ ಹೀಗಿದೆ.

ಹಡಗಿನಿಂದ ಇಳಿಸುವಾಗ ಪೆಟ್ಟಿಗೆ ಕೈಜಾರಿ ಪ್ರತಿಮೆಯ ಕತ್ತು ಮುರಿದು ತಲೆ ಚೂರುಚೂರಾಯಿತು. ಹೊಸ ತಲೆ ಮಾಡುವ ಕೆಲಸ ಚರ್ಚಿನ ಹಿಂದಿನ ಕಲ್ಲುಕುಟಿಗರ ಓಣಿಗೆ, ನನ್ನ ತಾತನ ಕೈಗೆ ಬಂತು. ಅಳತೆ ಕೊಟ್ಟರು, ಒಂದು ಚಿತ್ರ ಕೊಟ್ಟರು. ಆಗ ತಾತನ ಹೆಂಡತಿ ತುಂಬಿದ ಬಸುರಿ. ತಲೆ ಕೂರಿಸಿದ ಕೆಲವೇ ದಿನಕ್ಕೆ ನನ್ನ ಅಮ್ಮ ಹುಟ್ಟಿದಳು, ಅಜ್ಜಿ ಹೋದಳು. ಅಜ್ಜಿಯ ಒಂದು ಫೋಟೋ ಕೂಡ ಇಲ್ಲ.

ಆದರೆ ಪ್ರತಿಮೆಯ ಎಡಗಿವಿಯ ಹಾಲೆಯಲ್ಲಿ ಒಂದು ತೂತಿದೆ. ಓಲೆ ಹಾಕುವ ತೂತು. ಕಡಲಾಚೆಯವರ ಚಿತ್ರದಲ್ಲಿ ಅದು ಇದ್ದಿರಲಾರದು; ಹೂಜಿಯ ಮೇಲೆ ಬಿದ್ದು ಅಳುವ ಅವರ ಹೆಂಗಸರಿಗೆ ಓಲೆಯ ಯೋಚನೆ ಎಲ್ಲಿಯದು. ಅಮ್ಮ ಹೇಳುತ್ತಿದ್ದದ್ದು ಏನೆಂದರೆ, ತಾತ ಚಿತ್ರವನ್ನು ಎದುರಿಗಿಟ್ಟುಕೊಂಡರೂ ಕೈ ಕೆತ್ತಿದ್ದು ಮನೆಯಲ್ಲಿದ್ದವಳನ್ನು. ಹೆಣ್ಣಿನ ಕಿವಿ ಎಂದರೆ ತೂತು ಇರಲೇಬೇಕು ಎಂದು ಅವನ ಕೈಗೆ ರೂಢಿ. ಮೈಮರೆತು ಕೊರೆದುಬಿಟ್ಟ. ದೊರೆಗಳು ಯಾರೂ ಗಮನಿಸಲಿಲ್ಲ. ಆ ಮುಖ ಅಜ್ಜಿಯದೇ ಎನ್ನುವುದಕ್ಕೆ ನಮಗಿದ್ದ ಸಾಕ್ಷಿ ಅದೊಂದೇ ತೂತು.

ತಾಯಿ ಇಲ್ಲದ ಕೂಸನ್ನು ಕಂಕುಳಲ್ಲಿ ಎತ್ತಿಕೊಂಡೇ ತಾತ ಚರ್ಚಿನ ರಿಪೇರಿ ಕೆಲಸಕ್ಕೆ ಹೋಗುತ್ತಿದ್ದನಂತೆ. ಅಮ್ಮ ಬೆಳೆದದ್ದು ಆ ಪ್ರತಿಮೆಯ ಬುಡದಲ್ಲಿ. ಅಲ್ಲೇ ನಿದ್ದೆ, ಅಲ್ಲೇ ಊಟ, ಅಲ್ಲೇ ಆಟ. ಮದುವೆಯಾದ ಮರುದಿನ ಅಪ್ಪನನ್ನು ಕರೆದುಕೊಂಡು ಹೋಗಿ ಅಲ್ಲಿ ನಿಲ್ಲಿಸಿದ್ದಳು. ನಾನು ಹುಟ್ಟಿದಾಗ ನನ್ನನ್ನೂ ಎತ್ತಿ ತೋರಿಸಿದ್ದಳು. ಯಾರಿಗೆ ಯಾರನ್ನು ತೋರಿಸಿದಳು ಎಂದು ಕೇಳಬೇಡಿ.

ಆ ಓಣಿಯ ಸದ್ದು ನನಗಿನ್ನೂ ಕಿವಿಯಲ್ಲಿದೆ. ಬೆಳಗಾಗುತ್ತಲೇ ಮನೆಮನೆಯಿಂದ ಉಳಿ ಸುತ್ತಿಗೆಯ ಟಿಕಿಟಿಕಿ. ಊಟದ ಹೊತ್ತಿಗೆ ಎಲ್ಲ ಒಟ್ಟಿಗೆ ನಿಂತಾಗ, ಏನೋ ಆಯಿತು ಎಂದು ಮಕ್ಕಳು ಬೆಚ್ಚಿ ಹೊರಗೆ ಬರುತ್ತಿದ್ದವು. ಎಲ್ಲರ ಮನೆಯ ಅಂಗಳದಲ್ಲೂ ಬಿಳಿ ಧೂಳು. ಈಗ ಅಲ್ಲಿ ಪಾರ್ಕಿಂಗ್ ಜಾಗ ಮಾಡಿದ್ದಾರೆ. ಕಾರು ನಿಲ್ಲಿಸಿ ಇಳಿದಾಗಲೆಲ್ಲ ನಾನು ಯಾರ ಅಡಿಗೆಮನೆಯಲ್ಲಿ ನಿಂತಿದ್ದೇನೆ ಎಂದು ಲೆಕ್ಕ ಹಾಕುತ್ತೇನೆ.

ಅಮ್ಮನ ತಲೆ ಈಗ ಪೂರ್ತಿ ಬೆಳ್ಳಗಾಗಿದೆ. ಅವಳ ಅಮ್ಮ ಇನ್ನೂ ಹುಡುಗಿ.

೫

(ನಾಲ್ಕನೆಯದು ಎಲ್ಲಿ ಎಂದು ಹುಡುಕಬೇಡಿ. ಅದರಲ್ಲಿ ಅಜ್ಜಿ ಸಾಯುವ ದೃಶ್ಯವಿತ್ತು. ದೀಪ, ಬಿಸಿನೀರು, ಮುದುಕಿಯರು, ಎಲ್ಲ ಸೇರಿಸಿ ಓದುವವರು ಅಳುವ ಹಾಗೆ ಚೆನ್ನಾಗಿಯೇ ಬರೆದಿದ್ದೆ. ಅಮ್ಮ ಓದಿ, "ನೀನು ನೋಡಿದ್ಯಾ?" ಎಂದಳು. ಇಲ್ಲ ಎಂದೆ. "ಅಲ್ಲೇ ಇದ್ದ ನಾನೇ ನೋಡಿಲ್ಲ" ಎಂದು ಹಾಳೆಯನ್ನು ಹರಿದು ಕಸದ ಬುಟ್ಟಿಗೆ ಹಾಕಿದಳು.)

ಈಗ ಕಥೆಗೆ ಒಬ್ಬ ಖಳನಾಯಕಿ ಬೇಕು. ಸಿಕ್ಕಿದಳು. ಹೋದ ತಿಂಗಳು ಚರ್ಚಿನ ಪ್ರತಿಮೆಗಳನ್ನು ಸರಿಮಾಡಲು ಸರಕಾರದವರು ಒಬ್ಬ ಹೆಂಗಸನ್ನು ಕಳಿಸಿದರು. ದುರಸ್ತಿ ಮೇಡಂ ಎನ್ನೋಣ. ನಾನು ಅವಳಿಗೆ ಕಪ್ಪು ಕನ್ನಡಕ, ಗಡುಸು ದನಿ, ಟಕಟಕ ಚಪ್ಪಲಿ ಎಲ್ಲ ಕೊಟ್ಟು ಸಿದ್ಧ ಮಾಡಿಟ್ಟಿದ್ದೆ. ಅವಳು ಒಂದನ್ನೂ ಹಾಕಿಕೊಳ್ಳಲು ಒಪ್ಪಲಿಲ್ಲ. ಸೊಂಟನೋವು ಎಂದು ಮೂರು ಕಾಲಿನ ಸ್ಟೂಲಿನ ಮೇಲೆ ದಿಂಬಿಟ್ಟುಕೊಂಡು ಕೂರುತ್ತಿದ್ದಳು. ಹತ್ತಿಯನ್ನು ಕಡ್ಡಿಗೆ ಸುತ್ತಿ, ಎಂಜಲಿನಲ್ಲಿ ಒದ್ದೆಮಾಡಿ, ಕಲ್ಲಿನ ಕೆನ್ನೆಯನ್ನು ಉಗುರಗಲ ಉಗುರಗಲ ಒರೆಸುತ್ತಿದ್ದಳು. "ಎಂಜಲಿನಷ್ಟು ಒಳ್ಳೇ ಸೋಪು ಇಲ್ಲ ಅಮ್ಮ" ಎಂದು, ನೋಡಲು ಹೋಗುತ್ತಿದ್ದ ಅಮ್ಮನಿಗೆ ಹೇಳಿ ನಗುತ್ತಿದ್ದಳಂತೆ. ಇಂಥವಳನ್ನು ಇಟ್ಟುಕೊಂಡು ನಾನು ಯಾವ ಖಳನಾಯಕಿ ಮಾಡಲಿ.

ಆದರೂ ಅವಳು ಆಡಿದ ಒಂದು ಮಾತಿಗೆ ಅಮ್ಮ ಮನೆಗೆ ಬಂದವಳೇ ಚಪ್ಪಲಿ ಕೂಡ ಬಿಡದೆ ಒಳಗೆ ಬಂದು ಕುರ್ಚಿಯಲ್ಲಿ ಕೂತಳು.

"ಕಿವಿ ಮುಚ್ತಾರಂತೆ ಕಣೋ."

"ಯಾರ ಕಿವಿ?"

"ನಿಮ್ಮಜ್ಜಿದು. ಅದು ಡ್ಯಾಮೇಜ್ ಅಂತೆ. ಮೂಗಿನ ತುದಿ, ಕಿರುಬೆರಳು, ಕಿವಿ, ಮೂರು ಕಡೆ ಡ್ಯಾಮೇಜ್ ಅಂತೆ. ಕಲ್ಲಿನ ಪುಡಿ ಕಲೆಸಿ ತುಂಬ್ತಾರಂತೆ. ತುಂಬಿದ್ಮೇಲೆ ಯಾರಿಗೂ ಗೊತ್ತಾಗಲ್ಲ ಅಂತ ಸಂತೋಷದಿಂದ ಹೇಳ್ತಾಳೆ."

"ನೀನೇನಂದೆ?"

"ಏನನ್ನಲಿ. ಎದ್ದು ಬಂದ್ಬಿಟ್ಟೆ. ನೀನು ನಾಳೆ ಬಂದು ಮಾತಾಡು. ಬರೆಯೋನಲ್ವಾ ನೀನು?"

ಬರೆಯುವವರಿಗೆ ಮಾತು ಬರುತ್ತದೆ ಎಂಬ ತಪ್ಪು ತಿಳಿವಳಿಕೆ ಓದುಗರಿಗಷ್ಟೇ ಅಲ್ಲ, ಹೆತ್ತವರಿಗೂ ಇರುತ್ತದೆ.

೬

ಮರುದಿನ ಬೆಳಗ್ಗೆ ನಾವಿಬ್ಬರೂ ಹೋದೆವು. ಮೇಡಂ ಹಣೆಗೆ ಟಾರ್ಚು ಕಟ್ಟಿಕೊಂಡು ಕೆಲಸದಲ್ಲಿದ್ದಳು. ನಾನು ಗಂಟಲು ಸರಿಮಾಡಿಕೊಂಡು, ಸ್ಮೃತಿ, ಸಮುದಾಯ, ವಸಾಹತೋತ್ತರ ಎಂದು ಏನೋ ಶುರುಮಾಡಿದೆ. ಅಮ್ಮ ನನ್ನ ತೋಳು ಹಿಡಿದು ಪಕ್ಕಕ್ಕೆ ಸರಿಸಿದಳು.

"ನೋಡಮ್ಮ," ಎಂದಳು ಮೇಡಂಗೆ, "ಆ ತೂತು ಡ್ಯಾಮೇಜ್ ಅಲ್ಲ. ಈ ತಲೆ ಮಾಡಿದ್ದು ನಮ್ಮಪ್ಪ. ಇದು ನಮ್ಮಮ್ಮನ ಮುಖ. ತೂತು ಸಮೇತ ನಮ್ಮಪ್ಪನೇ ಮಾಡಿದ್ದು."

ಮೇಡಂ ಟಾರ್ಚು ಆರಿಸಿ ಸ್ಟೂಲಿನಿಂದ ಇಳಿದಳು. ಕಥೆಯನ್ನೆಲ್ಲ ಕೇಳಿದಳು. ತಲೆ ಬೇರೆ ಕಲ್ಲಿನದು, ಇಲ್ಲಿಯದೇ ಕೆಲಸ ಎಂದು ಕತ್ತಿನ ಬೆಸುಗೆ ನೋಡಿ ತಾನೂ ಅಂದುಕೊಂಡಿದ್ದೆ ಎಂದಳು. ಅಮ್ಮನ ಮುಖ ಅರಳಿತು.

"ಮಾಡಿದವರು ಮಾಡಿದ್ದನ್ನ ನಾವು ಮುಟ್ಟೋದಿಲ್ಲ ಅಮ್ಮ. ಆಮೇಲೆ ಆದದ್ದನ್ನ ಮಾತ್ರ ಮುಚ್ತೀವಿ. ಬನ್ನಿ, ಇಬ್ರೂ ನೋಡೋಣ."

ಅಮ್ಮನನ್ನು ಕೈಹಿಡಿದು ಸ್ಟೂಲು ಹತ್ತಿಸಿ, ಭೂತಗನ್ನಡಿ ಕೊಟ್ಟು, ಟಾರ್ಚು ಹಿಡಿದಳು. ನಾನು ಕೆಳಗೆ ಸ್ಟೂಲಿನ ಕಾಲು ಹಿಡಿದು ಕೂತೆ. (ನನ್ನ ಪಾತ್ರ ಅಷ್ಟೇ. ಬೇಡ ಎನ್ನಲು ಇಲ್ಲಿ ಯಾರು ನನ್ನ ಮಾತು ಕೇಳುತ್ತಾರೆ.)

"ಕೆನ್ನೆ ನೋಡಿ, ಕಿವಿ ನೋಡಿ. ಎಲ್ಲಾ ಉಜ್ಜಿ ನುಣುಪು ಮಾಡಿದ್ದಾರೆ. ಕೊನೇ ಕೆಲಸ ಅದು. ತೂತು ಮೊದಲೇ ಇದ್ದಿದ್ರೆ ಅದರ ಅಂಚೂ ನುಣುಪಾಗಿರ್ತಿತ್ತು. ಇದರ ಅಂಚು ಚಕ್ಕೆ ಎದ್ದಿದೆ. ಒಳಗೆ ಸುರುಳಿ ಗೆರೆ ಕಾಣತ್ತಾ? ಇದು ಕಲ್ಲು ಕೊರೆಯೋ ಉಳಿ ಅಲ್ಲ. ಬಡಗಿಗಳು ಮರಕ್ಕೆ ತೂತು ಕೊರೆಯೋ ಬೈರಿಗೆ ಇರಬೇಕು. ಯಾರೋ ಆಮೇಲೆ, ಕೆಲಸ ಗೊತ್ತಿಲ್ಲದೋರು ಕೊರೆದಿದ್ದಾರೆ."

ಅಮ್ಮ ಬಹಳ ಹೊತ್ತು ನೋಡಿದಳು. ಆಮೇಲೆ ಭೂತಗನ್ನಡಿ ವಾಪಸು ಕೊಟ್ಟು ಇಳಿದಳು. ನಮ್ಮ ಮನೆಯ ಏಕೈಕ ಸಾಕ್ಷಿ ತಾತನದಲ್ಲ ಎಂದಾದರೆ, ಆ ಮುಖ ಅಜ್ಜಿಯದು ಎನ್ನಲು ಏನೂ ಉಳಿಯಲಿಲ್ಲ. ಚಿತ್ರ ಕೊಟ್ಟರು, ತಾತ ಹಾಗೇ ಕೆತ್ತಿದ, ಕೂಲಿ ತೆಗೆದುಕೊಂಡ. ಅಷ್ಟೇ. ನನಗೆ ಅಲ್ಲೇ ಕಣ್ಣು ತುಂಬಿತು. ಇಷ್ಟು ವರ್ಷ ನನಗೊಬ್ಬಳು ಅಜ್ಜಿ ಇದ್ದಳು, ಈಗ ಇಲ್ಲ.

೭

ಇಲ್ಲಿ ಕಥೆಗಾರನ ಕೈ ಬಿಗಿಯಾಗಿರಬೇಕು. ತೂತು ಕೊರೆದವರು ಯಾರು? ಮೂರು ಆವೃತ್ತಿ ಇವೆ, ಆರಿಸಿಕೊಳ್ಳಿ.

ಒಂದು. ಹೆಂಡತಿ ಸತ್ತ ಮೇಲೆ ತಾತ ಒಬ್ಬನೇ ಚರ್ಚಿಗೆ ಬಂದ. ತಾನು ಮಾಡಿದ ಆ ಪರದೇಶದ ಮುಖವನ್ನು ನೋಡಿದ. ನೋಡುತ್ತಾ ನೋಡುತ್ತಾ ತಡೆಯಲಾರದೆ ಅದರ ಕಿವಿ ಚುಚ್ಚಿದ. ಕೈ ನಡುಗಿ ಅಂಚು ಚಕ್ಕೆ ಎದ್ದಿತು. (ನನಗೆ ಬಹಳ ಇಷ್ಟವಾದದ್ದು. ಬರೆಯುವಾಗ ಮೂಗು ಒರೆಸಿಕೊಂಡೆ. ಅಮ್ಮನ ಟಿಪ್ಪಣಿ: "ಅಪ್ಪ ಜ್ವರದಲ್ಲಿ ಕೆತ್ತಿದ್ರೂ ಚಕ್ಕೆ ಏಳ್ತಿರಲಿಲ್ಲ. ಬಡಗಿ ಸಾಮಾನನ್ನ ಅವರು ಮುಟ್ಟೋರೂ ಅಲ್ಲ.")

ಎರಡು. ಚೌಕದಲ್ಲಿ ಕೆಲಸವಿಲ್ಲದೆ ಕೂತ ಯಾವನೋ ಸಿಪಾಯಿ, ಬೇಜಾರು ಕಳೆಯಲು. (ಹೀಗೂ ಆಗಿರಬಹುದು. ಜಗತ್ತಿನ ಬಹುಪಾಲು ತೂತುಗಳು ಹೀಗೇ ಆಗಿರುವುದು. ಆದರೆ ಇದನ್ನು ಓದಲು ನೀವು ಇಲ್ಲಿಯವರೆಗೆ ಬರಬೇಕಿರಲಿಲ್ಲ.)

ಮೂರನೆಯದನ್ನು ನಾನು ಬರೆಯಲಿಲ್ಲ. ಅದು ಬರೆಯುವುದಕ್ಕೆ ಮುಂಚೆಯೇ ನಡೆದುಹೋಯಿತು. ಹೇಳುತ್ತೇನೆ.

೮

ಮೇಡಂ ಫ್ಲಾಸ್ಕಿನಿಂದ ಟೀ ಬಗ್ಗಿಸಿ ಅಮ್ಮನ ಕೈಗೆ ಕೊಟ್ಟಳು. "ಬೇಜಾರು ಮಾಡ್ಕೋಬೇಡಿ ಅಮ್ಮ," ಎಂದಳು. "ಆಮೇಲೆ ಆದದ್ದೆಲ್ಲಾ ಡ್ಯಾಮೇಜ್ ಅಂತಲೂ ಅಲ್ಲ. ಯಾರು ಮಾಡಿದ್ದು, ಯಾಕೆ ಮಾಡಿದ್ದು ಅಂತ ಗೊತ್ತಿದ್ರೆ ಅದನ್ನ ಹಾಗೇ ಬಿಡಬಹುದು. ಗೊತ್ತಿಲ್ಲ ಅಂದ್ರೆ ಮುಚ್ಚಲೇಬೇಕು. ನಿಮಗೇನಾದ್ರೂ ಗೊತ್ತಾ?"

ಅಮ್ಮ ಟೀ ಮುಟ್ಟದೆ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು.

"ನಾನೇ ಚುಚ್ಚಿದ್ದು ಕಣಮ್ಮ" ಎಂದಳು.

ನಾನು ಸ್ಟೂಲಿನ ಕಾಲನ್ನು ಇನ್ನೂ ಹಿಡಿದೇ ಇದ್ದೆ. ಅದರ ಮೇಲೆ ಯಾರೂ ಇರಲಿಲ್ಲ.

"ಆಗ ಅಪ್ಪ ಆ ಗೋಡೆ ಹತ್ರ ಕೆಲಸ ಮಾಡೋರು. ನಾನು ಅಡ್ಡ ಬರ್ತೀನಿ ಅಂತ ಇಲ್ಲಿ ಕೂರಿಸಿ, 'ಅಮ್ಮನ ಹತ್ರ ಇರು' ಅನ್ನೋರು. ದಿನಾ ಅದೇ ಮಾತು. 'ಅಮ್ಮನ ಹತ್ರ ಇರು, ಎಲ್ಲೂ ಹೋಗ್ಬೇಡ.' ನಾನು ಇದ್ದೆ. ಆಮೇಲೆ ದೊಡ್ಡವಳಾದ್ಮೇಲೆ ತಿಳೀತು, ಓಣಿ ಕೆಲಸದೋರು ಚರ್ಚಲ್ಲಿರೋ ಗಂಡು ಬೊಂಬೆಗಳಿಗೆಲ್ಲಾ ದೊರೆ ಅನ್ನೋರು, ಹೆಣ್ಣು ಬೊಂಬೆಗಳಿಗೆಲ್ಲಾ ಅಮ್ಮ ಅನ್ನೋರು. 'ಆ ಮೂಲೆ ಅಮ್ಮನಿಗೆ ಬೆರಳು ಹೋಗಿದೆ, ಈ ಅಮ್ಮನಿಗೆ ಸುಣ್ಣ ಹಾರಿದೆ' ಅಂತ. ಅಪ್ಪ ಯಾವ ಅಮ್ಮ ಅಂತ ಹೇಳಿದ್ರೋ. ನಾನು ಕೇಳಲಿಲ್ಲ, ಅವರೂ ಬಿಡಿಸಿ ಹೇಳಲಿಲ್ಲ."

ನೀವು ಕನ್ನಡದವರು, ನಿಮಗೆ ಇದನ್ನು ವಿವರಿಸಬೇಕಿಲ್ಲ. ತರಕಾರಿ ಮಾರುವವಳಿಗೂ ಅಮ್ಮ, ಆಫೀಸಿನ ಅಧಿಕಾರಿಣಿಗೂ ಅಮ್ಮ, ಎರಡು ವರ್ಷದ ಮಗಳಿಗೂ 'ಬಾರಮ್ಮ'. ಆ ಒಂದು ಪದವನ್ನು ನಾವು ಇಷ್ಟು ಧಾರಾಳವಾಗಿ ಹಂಚಿದ್ದರಿಂದ, ತಾಯಿ ಇಲ್ಲದ ಒಂದು ಮಗುವಿಗೆ ಅಷ್ಟೆತ್ತರದ ಅಮೃತಶಿಲೆಯ ತಾಯಿ ಸಿಕ್ಕಿದಳು.

"ನಮ್ಮಮ್ಮ ಹ್ಯಾಗಿದ್ಲು ಅಂತ ಪಕ್ಕದ ಮನೆ ಅತ್ತೇನ ಕೇಳಿದ್ದೆ," ಎಂದು ಅಮ್ಮ ಮುಂದುವರಿಸಿದಳು. "'ಕಿವಿಗೆ ಕೆಂಪು ಹರಳಿನ ಓಲೆ ಹಾಕ್ತಿದ್ಲು, ಚೆನ್ನಾಗಿ ಒಪ್ಪೋದು' ಅಂದ್ರು. ಬಂದು ನೋಡ್ತೀನಿ, ಇವಳ ಕಿವೀಲಿ ತೂತೇ ಇಲ್ಲ. ನನಗೆ ಎಂಥಾ ಭಯ ಆಯ್ತು ಅಂತೀಯ. ಇವಳು ಅವಳಲ್ಲ ಅಂತಾದ್ರೆ ನಾನು ಇಷ್ಟು ದಿನ ಯಾರ ಹತ್ರ ಇದ್ದೆ? ಅದಕ್ಕೇ ಪಕ್ಕದ ಮನೆ ಬಡಗಿ ಮಾವನ ಬೈರಿಗೆ ತಂದು, ಹೂಜಿ ಮೇಲೆ ಹತ್ತಿ ನಿಂತು ಚುಚ್ಚಿದೆ. ದಿನಾ ಸ್ವಲ್ಪ ಸ್ವಲ್ಪ. ನೋವಾಗತ್ತೆ ಅಂತ ಊದ್ತಾ ಇದ್ದೆ."

ಮೇಡಂ ಮುಖ ಆಚೆ ತಿರುಗಿಸಿ ಹತ್ತಿ ಕಡ್ಡಿಗಳನ್ನು ಡಬ್ಬಿಯಲ್ಲಿ ಜೋಡಿಸತೊಡಗಿದಳು. ಅವು ಮೊದಲೇ ಸಾಲಾಗಿದ್ದವು. ಆಮೇಲೆ, "ಕಿವಿ ಮುಚ್ಚಲ್ಲ ಅಮ್ಮ. ಹಾಗೇ ಇರ್ಲಿ" ಎಂದಳು.

೯

ಈಗ ನನ್ನ ತೊಂದರೆ ಕೇಳಿ. ಬೈರಿಗೆ ಎಂಬ ಮಾತನ್ನು ಮೊದಲು ಆಡಿದ್ದು ಮೇಡಂ. ಅಮ್ಮನ ಬಾಯಲ್ಲಿ ಅದು ಬಂದದ್ದು ಆಮೇಲೆ. ಪಕ್ಕದ ಮನೆಯ ಬಡಗಿ ಮಾವನ ವಿಷಯ ನಾನು ಹುಟ್ಟಿದಾಗಿನಿಂದ ಕೇಳಿಲ್ಲ. ಅದು ಕಲ್ಲುಕುಟಿಗರ ಓಣಿ. ತೂತು ಮುಚ್ಚದಿರಲು, ಚುಚ್ಚಿದವರು ಎಂದು ಯಾರಾದರೂ ಒಬ್ಬರು ಬೇಕಿತ್ತು, ಯಾಕೆ ಎಂಬುದಕ್ಕೆ ಒಂದು ಕಾರಣ ಬೇಕಿತ್ತು. ಅಮ್ಮ ಎರಡನ್ನೂ ಕೊಟ್ಟಳು. ನಿಜವಾದರೆ, ಇಷ್ಟು ವರ್ಷ ನನಗೆ ಹೇಳಿದ ಕಥೆ ಸುಳ್ಳು ಎಂದು ಅವಳಿಗೆ ಗೊತ್ತಿತ್ತು. ಸುಳ್ಳಾದರೆ, ತೂತು ಉಳಿಸಲು ಅವಳು ತನ್ನ ತಾಯಿಯ ಮುಖವನ್ನೇ ಬಿಟ್ಟುಕೊಟ್ಟಳು. ಎರಡರಲ್ಲಿ ಯಾವುದು ಹೆಚ್ಚು ಕಷ್ಟ ಎಂದು ನನಗೆ ತಿಳಿಯುವುದಿಲ್ಲ.

ದಾರಿಯಲ್ಲಿ ಕೇಳಿಯೇ ಬಿಟ್ಟೆ.

"ನಿಜವಾಗ್ಲೂ ನೀನೇ ಚುಚ್ಚಿದ್ದಾ?"

"ಮೇಡಂ ಒಪ್ಪಿದ್ಲಲ್ಲ."

"ಹಾಗಾದ್ರೆ ಅದು ಅಜ್ಜಿ ಮುಖ ಅಲ್ಲ."

"ನಾನು ಹಾಗಂದ್ನಾ?"

"ಮತ್ತೆ ನಾನು ಏನಂತ ಬರೀಲಿ ಅಮ್ಮ?"

"ಕಥೆ ನಿಂದು ಕಣೋ," ಎಂದಳು. "ತೂತು ನಂದು."

ಇಲ್ಲಿಗೇ ನಿಲ್ಲಿಸಬಹುದಿತ್ತು. ಮಾತು ಚೆನ್ನಾಗಿದೆ, ಪರದೆ ಎಳೆಯಲು ಹೇಳಿ ಮಾಡಿಸಿದ ಹಾಗಿದೆ. ಅದಕ್ಕೇ ಅನುಮಾನ. ಇದನ್ನು ಓದಿ ಹೇಳಿದಾಗ ಅಮ್ಮ, "ನಾನು ಅಷ್ಟು ಚೆನ್ನಾಗಿ ಮಾತಾಡಿಲ್ಲಪ್ಪ" ಎಂದಳು. ಎಲ್ಲಿಂದ ಶುರುಮಾಡಬೇಕು ಎಂಬುದು ನೆಪ, ಜಗಳ ನಿಜವಾಗಿ ಶುರುವಾದದ್ದೇ ಅಲ್ಲಿಂದ. ಅವಳು ಹೇಳಿದ್ದಾಳೆ, ನನಗೆ ಚೆನ್ನಾಗಿ ನೆನಪಿದೆ. ಇಲ್ಲ, ನನಗೂ ಖಾತ್ರಿಯಿಲ್ಲ.

ಖಾತ್ರಿ ಇರುವುದು ಒಂದೇ. ಅದು ದಾರಿಗೆ ಬರುವುದಕ್ಕೆ ಮುಂಚೆ, ಚರ್ಚಿನ ಬಾಗಿಲಲ್ಲಿ ನಡೆದದ್ದು. ನಾನು ಬಾಗಿಲು ತೆರೆದು ಹಿಡಿದಿದ್ದೆ. ಅಮ್ಮ ಹೊಸಿಲು ದಾಟುವ ಮೊದಲು ನಿಂತು ಒಳಗೆ ತಿರುಗಿದಳು. ಆ ಕಡೆ, ಕಿಟಕಿಯ ಬೆಳಕಿನಲ್ಲಿ, ಮೇಡಂ ಮತ್ತೆ ಸ್ಟೂಲು ಹತ್ತಿ ಪ್ರತಿಮೆಯ ಕೆನ್ನೆಗೆ ಕೆನ್ನೆ ತಾಗುವಷ್ಟು ಹತ್ತಿರ ಬಗ್ಗಿ ಒರೆಸುತ್ತಿದ್ದಳು. ಎರಡು ತಲೆಗಳೂ ಒಂದೇ ಕಡೆ ಇದ್ದವು. ನಾನು ಅಮ್ಮನ ಬೆನ್ನ ಹಿಂದೆ ಇದ್ದುದರಿಂದ ಅವಳ ಕಣ್ಣು ಎಲ್ಲಿತ್ತೋ ನನಗೆ ಕಾಣಲಿಲ್ಲ.

"ಬರ್ತೀನಮ್ಮ" ಎಂದಳು.

ಮೇಡಂ ಕೆಲಸದಿಂದ ತಲೆ ಎತ್ತದೆ, "ಹೂಂ, ಹೋಗ್ಬನ್ನಿ" ಎಂದಳು.